ಓದುಗರ ಪ್ರಶ್ನೆ: ಯಾವ ಕಾಲಂ ಇರಲಿ, ಯಾವುದು ಹೋಗಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ರಫ್ ಸೆಟ್ ಬಗ್ಗೆಯೇ, ಅಂದರೆ ಡೇಟಾ ಟೇಬಲ್‌ನಲ್ಲಿ ಯಾವ ಕಾಲಂ ಬೇಕು, ಯಾವುದು ಬೇಡ ಅಂತ ಹುಡುಕೋಕೆ ಬಳಸುವ ಗಣಿತದ ವಿಧಾನದ ಬಗ್ಗೆ. ಪ್ರಾಜೆಕ್ಟ್ ಒಪ್ಪಿಸುವ ಕಾಲ ಹತ್ತಿರ ಬಂದಿರಬೇಕು. ಒಂದೇ ಥರದವನ್ನು ಸೇರಿಸಿ, ಕೆಲವು ಮೋಟರ್‌ಗಳ ಒಂದೇ ಉದಾಹರಣೆ ಇಟ್ಟುಕೊಂಡು ಉತ್ತರಿಸಿದ್ದೇನೆ. ಹಾಗಾಗಿ ಮೊದಲಿನಿಂದ ಓದಿ. ನಡುವೆ ಹಾರಿದರೆ ಈ ಮೋಟರ್‌ಗಳು ಎಲ್ಲಿಂದ ಬಂದವು ಅಂತ ಗೊತ್ತಾಗೋದಿಲ್ಲ.

ಪ್ರಶ್ನೆ: ನನ್ನ ಡೇಟಾದಲ್ಲಿ 40 ಕಾಲಂ ಇವೆ. ಅಷ್ಟೂ ಬೇಡ, ರಫ್ ಸೆಟ್ ಹಾಕಿ ಕಡಿಮೆ ಮಾಡಿ ಅಂತ ಗೈಡ್ ಹೇಳಿದ್ದಾರೆ. ಪುಸ್ತಕ ತೆಗೆದರೆ ಬರೀ ಗಣಿತದ ಚಿಹ್ನೆ. ಇದು ಫಜ್ಜಿ ಸೆಟ್‌ನ ತಮ್ಮನಾ? ಸರಳವಾಗಿ ಹೇಳ್ತೀರಾ ಮೇಡಂ?

ಉತ್ತರ: ತಮ್ಮನೂ ಅಲ್ಲ, ಅಣ್ಣನೂ ಅಲ್ಲ. ಎರಡೂ ಅಸ್ಪಷ್ಟ ಮಾಹಿತಿಯ ಜೊತೆ ಗುದ್ದಾಡುತ್ತವೆ, ಆದರೆ ಕೇಳುವ ಪ್ರಶ್ನೆ ಬೇರೆ. ಫಜ್ಜಿ ಸೆಟ್ಟನ್ನು ಲಾಟ್ಫಿ ಝಾದೆ 1965ರಲ್ಲಿ ತಂದರು. ಅಲ್ಲಿ ಕೇಳೋದು 'ಎಷ್ಟರ ಮಟ್ಟಿಗೆ' ಅಂತ. ಈ ಮೋಟರ್ ಎಷ್ಟರ ಮಟ್ಟಿಗೆ ಬಿಸಿ? 0.7ರಷ್ಟು. ರಫ್ ಸೆಟ್ಟನ್ನು ಪೋಲೆಂಡಿನ ಕಂಪ್ಯೂಟರ್ ವಿಜ್ಞಾನಿ ಜ್ಡಿಸ್ವಾವ್ ಪಾವ್ಲಾಕ್ 1982ರಲ್ಲಿ ಮುಂದಿಟ್ಟರು. ಅಲ್ಲಿ ಕೇಳೋದು ಇಷ್ಟೇ: ನನ್ನ ಟೇಬಲ್‌ನಲ್ಲಿ ಬರೆದಿರುವುದನ್ನು ಮಾತ್ರ ನೋಡಿ, ಈ ಎರಡು ಮೋಟರ್ ಬೇರೆ ಬೇರೆ ಅಂತ ಹೇಳೋಕೆ ಆಗುತ್ತದಾ, ಇಲ್ವಾ? ಆಗದಿದ್ದರೆ ಅವೆರಡೂ ಒಂದೇ ಗುಂಪು. ನಿಜದಲ್ಲಿ ಅವು ಎಷ್ಟೇ ಬೇರೆ ಇರಲಿ, ಟೇಬಲ್‌ಗೆ ಅದು ಕಾಣೋದಿಲ್ಲ.

ಇದಕ್ಕೆ ಹೊರಗಿನಿಂದ ಏನೂ ತಂದು ಹಾಕಬೇಕಿಲ್ಲ. ಡೇಟಾ ಈ ಥರ ಹಂಚಿಕೆಯಾಗಿದೆ ಅನ್ನೋ ಊಹೆ ಬೇಡ, ಫಜ್ಜಿಯಲ್ಲಿ 'ಎಷ್ಟರ ಮಟ್ಟಿಗೆ' ಅಂತ ಹೇಳುವ ಮೆಂಬರ್‌ಶಿಪ್ ಫಂಕ್ಷನ್ ಬೇಡ. ಟೇಬಲ್ ಇದ್ದರೆ ಸಾಕು.

ಇನ್ನು ನಿಮ್ಮ ಕಾಲಂ ಕಡಿಮೆ ಮಾಡುವ ವಿಷಯ. ಒಂದು ಕಾಲಂ ತೆಗೆಯಿರಿ. ಉಳಿದ ಕಾಲಂಗಳಿಂದಲೇ ಉತ್ತರವನ್ನು ಮೊದಲಿನಷ್ಟೇ ಸರಿಯಾಗಿ ಹೇಳೋಕೆ ಆದರೆ ಆ ಕಾಲಂ ಬೇಕಿರಲಿಲ್ಲ ಅಂತ ಅರ್ಥ. ಹೀಗೇ ತೆಗೆಯುತ್ತಾ ಹೋಗಿ, ಇನ್ನೊಂದನ್ನು ಮುಟ್ಟಿದರೂ ಕೆಡುತ್ತದೆ ಅನ್ನೋ ಹಂತಕ್ಕೆ ಬಂದಾಗ ಕೈಯಲ್ಲಿ ಉಳಿಯುವ ಕಾಲಂಗಳ ಗುಂಪಿಗೆ ರಿಡಕ್ಟ್ ಅಂತ ಹೆಸರು. ಒಂದು ಟೇಬಲ್‌ಗೆ ಒಂದೇ ರಿಡಕ್ಟ್ ಇರಬೇಕು ಅಂತೇನಿಲ್ಲ. ಎಲ್ಲ ರಿಡಕ್ಟ್‌ಗಳಲ್ಲೂ ಕಾಣಿಸಿಕೊಳ್ಳುವ ಕಾಲಂಗಳು ಸೇರಿ ಕೋರ್. ಕೋರ್ ಖಾಲಿಯೂ ಇರಬಹುದು.

ಪ್ರಶ್ನೆ: ಡಿಪೆಂಡೆನ್ಸಿ, ಪಾಸಿಟಿವ್ ರೀಜನ್, ಕ್ವಿಕ್‌ರಿಡಕ್ಟ್ ಎಲ್ಲ ಓದಿದೆ. ಆದರೆ ಪೇಪರ್ ಮೇಲೆ ಕೈಯಲ್ಲಿ ಮಾಡಿ ತೋರಿಸಿದ್ದು ಎಲ್ಲೂ ಸಿಗಲಿಲ್ಲ. ಒಂದು ಸಣ್ಣ ಲೆಕ್ಕ ಮಾಡಿ ತೋರಿಸಿ ಪ್ಲೀಸ್.

ಉತ್ತರ: ಪೆನ್ನು ತಗೊಳ್ಳಿ. ಆರು ಮೋಟರ್ ಇವೆ ಅಂದುಕೊಳ್ಳೋಣ. ನೋಡುವ ಕಾಲಂ ನಾಲ್ಕು: ಬಿಸಿ, ಸದ್ದು, ವೈಬ್ರೇಷನ್, ವಯಸ್ಸು. ಕೊನೆಯದು ಉತ್ತರ, ಅಂದರೆ ಮೋಟರ್ ಕೆಟ್ಟಿತಾ ಚೆನ್ನಾಗಿದೆಯಾ. ಲೆಕ್ಕಕ್ಕಂತಲೇ ನಾನು ಕಟ್ಟಿದ ಟೇಬಲ್ ಇದು.

ಮೋಟರ್ 1: ಬಿಸಿ ಜಾಸ್ತಿ, ಸದ್ದು ಇದೆ, ವೈಬ್ರೇಷನ್ ಇದೆ, ಹಳೆಯದು. ಕೆಟ್ಟಿತು.
ಮೋಟರ್ 2: ಬಿಸಿ ಜಾಸ್ತಿ, ಸದ್ದು ಇದೆ, ವೈಬ್ರೇಷನ್ ಇಲ್ಲ, ಹೊಸದು. ಕೆಟ್ಟಿತು.
ಮೋಟರ್ 3: ಬಿಸಿ ಜಾಸ್ತಿ, ಸದ್ದು ಇಲ್ಲ, ವೈಬ್ರೇಷನ್ ಇಲ್ಲ, ಹಳೆಯದು. ಚೆನ್ನಾಗಿದೆ.
ಮೋಟರ್ 4: ಬಿಸಿ ಕಡಿಮೆ, ಸದ್ದು ಇದೆ, ವೈಬ್ರೇಷನ್ ಇಲ್ಲ, ಹಳೆಯದು. ಚೆನ್ನಾಗಿದೆ.
ಮೋಟರ್ 5: ಬಿಸಿ ಕಡಿಮೆ, ಸದ್ದು ಇಲ್ಲ, ವೈಬ್ರೇಷನ್ ಇದೆ, ಹೊಸದು. ಚೆನ್ನಾಗಿದೆ.
ಮೋಟರ್ 6: ಬಿಸಿ ಜಾಸ್ತಿ, ಸದ್ದು ಇಲ್ಲ, ವೈಬ್ರೇಷನ್ ಇದೆ, ಹಳೆಯದು. ಕೆಟ್ಟಿತು.

ಮೊದಲು ಬಿಸಿ ಒಂದನ್ನೇ ನೋಡಿ. ಬಿಸಿ ಜಾಸ್ತಿ ಇರುವವು 1, 2, 3, 6. ಇದರಲ್ಲಿ 3 ಚೆನ್ನಾಗಿದೆ, ಉಳಿದವು ಕೆಟ್ಟಿವೆ. ಕಲಬೆರಕೆ ಗುಂಪು, ಇದರಿಂದ ಏನೂ ಖಚಿತವಾಗಿ ಹೇಳೋಕಾಗಲ್ಲ. ಬಿಸಿ ಕಡಿಮೆ ಇರುವವು 4 ಮತ್ತು 5. ಎರಡೂ ಚೆನ್ನಾಗಿವೆ. ಇದು ಶುದ್ಧ ಗುಂಪು. ಇಂಥ ಶುದ್ಧ ಗುಂಪುಗಳಲ್ಲಿ ಇರುವ ಸಾಲುಗಳೆಲ್ಲ ಸೇರಿ ಪಾಸಿಟಿವ್ ರೀಜನ್. ಇಲ್ಲಿ ಆರರಲ್ಲಿ ಎರಡು. ಹಾಗಾಗಿ ಬಿಸಿಯ ಡಿಪೆಂಡೆನ್ಸಿ 2/6. ಅಷ್ಟೇ ಲೆಕ್ಕ, ಪುಸ್ತಕದಲ್ಲಿ ಇದಕ್ಕೇ ಗಾಮಾ ಅನ್ನೋ ಅಕ್ಷರ ಹಾಕಿರುತ್ತಾರೆ.

ಸದ್ದು ಒಂದನ್ನೇ ನೋಡಿದರೆ ಎರಡೂ ಗುಂಪು ಕಲಬೆರಕೆ, ಸೊನ್ನೆ. ವೈಬ್ರೇಷನ್ ಸೊನ್ನೆ. ವಯಸ್ಸೂ ಸೊನ್ನೆ. ಮಾಡಿ ನೋಡಿ.

ಕ್ವಿಕ್‌ರಿಡಕ್ಟ್ ಅನ್ನೋ ಅಲ್ಗಾರಿದಂ ಮಾಡುವುದು ಇದನ್ನೇ. ಒಂದೊಂದು ಕಾಲಂ ಹಾಕಿ ನೋಡುತ್ತದೆ, ಯಾವುದರಿಂದ ಡಿಪೆಂಡೆನ್ಸಿ ಜಾಸ್ತಿ ಏರುತ್ತದೋ ಅದನ್ನು ಇಟ್ಟುಕೊಳ್ಳುತ್ತದೆ, ಮತ್ತೆ ಮುಂದಿನದು. ಇಲ್ಲಿ ಮೊದಲು ಬಿಸಿ ಆಯ್ಕೆಯಾಗುತ್ತದೆ. ಬಿಸಿಗೆ ಸದ್ದು ಸೇರಿಸಿದರೆ 4/6, ವೈಬ್ರೇಷನ್ ಸೇರಿಸಿದರೂ 4/6, ವಯಸ್ಸು ಸೇರಿಸಿದರೆ 3/6. ಸದ್ದು ಇಟ್ಟುಕೊಂಡು ಮುಂದೆ ಹೋದರೆ ಮೂರನೆಯದಾಗಿ ವೈಬ್ರೇಷನ್ ಬರುತ್ತದೆ, ಆಗ 6/6. ನಾಲ್ಕೂ ಕಾಲಂ ಇಟ್ಟಾಗಲೂ 6/6. ಅಂದರೆ ಬಿಸಿ, ಸದ್ದು, ವೈಬ್ರೇಷನ್ ಸಾಕು, ವಯಸ್ಸು ಬೇಡ. ಇದರಿಂದ ಬರುವ ನಿಯಮವೂ ಚೆನ್ನಾಗಿದೆ: ಬಿಸಿ ಜಾಸ್ತಿ ಇದ್ದು, ಜೊತೆಗೆ ಸದ್ದೋ ವೈಬ್ರೇಷನ್ನೋ ಇದ್ದರೆ ಕೆಟ್ಟಿತು. ಇಲ್ಲದಿದ್ದರೆ ಚೆನ್ನಾಗಿದೆ. ಆರೂ ಸಾಲಿಗೆ ಹೊಂದುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಎಲ್ಲ ಸುಖ. ಆದರೆ ಮುಂದಿನ ಪ್ರಶ್ನೆ ನೋಡಿ.

ಪ್ರಶ್ನೆ: ಒಂದೇ ಡೇಟಾಗೆ ಎರಡು ಟೂಲ್ ಎರಡು ಬೇರೆ ರಿಡಕ್ಟ್ ಕೊಡುತ್ತಿವೆ. ಯಾವುದೋ ಒಂದರಲ್ಲಿ ಬಗ್ ಇದೆಯಾ? ಚಿಕ್ಕದನ್ನು ತಗೋ ಅಂತ ಸ್ನೇಹಿತರು ಹೇಳ್ತಾರೆ.

ಉತ್ತರ: ಬಗ್ ಇಲ್ಲ. ಎರಡೂ ಸರಿ ಇರಬಹುದು. ಸ್ನೇಹಿತರ ಮಾತನ್ನು ಮಾತ್ರ ಕಣ್ಣುಮುಚ್ಚಿ ಕೇಳಬೇಡಿ.

ಮೇಲಿನ ಟೇಬಲ್ಲನ್ನೇ ಬೇರೆ ದಾರಿಯಲ್ಲಿ ನೋಡೋಣ. ಕೆಟ್ಟವು ಮೂರು, ಚೆನ್ನಾಗಿರುವವು ಮೂರು. ಒಂದು ಕೆಟ್ಟದ್ದು, ಒಂದು ಚೆನ್ನಾಗಿರುವುದು, ಹೀಗೆ ಜೋಡಿ ಮಾಡಿದರೆ 9 ಜೋಡಿ. ಪ್ರತಿ ಜೋಡಿಯನ್ನೂ ಯಾವ ಯಾವ ಕಾಲಂ ಬೇರೆ ಮಾಡಿ ತೋರಿಸುತ್ತದೆ ಅಂತ ಬರೆಯಿರಿ. ಇದಕ್ಕೆ ಡಿಸರ್ನಿಬಿಲಿಟಿ ಮ್ಯಾಟ್ರಿಕ್ಸ್ ಅಂತಾರೆ. ಸ್ಕೋವ್ರೋನ್ ಮತ್ತು ರೌಷರ್ 1992ರಲ್ಲಿ ಇದನ್ನು ವಿವರವಾಗಿ ಕಟ್ಟಿಕೊಟ್ಟರು. 6 ಮತ್ತು 3ನೇ ಮೋಟರ್ ನೋಡಿ. ಎರಡೂ ಬಿಸಿ, ಎರಡರಲ್ಲೂ ಸದ್ದಿಲ್ಲ, ಎರಡೂ ಹಳೆಯವು. ವ್ಯತ್ಯಾಸ ಇರೋದು ವೈಬ್ರೇಷನ್‌ನಲ್ಲಿ ಮಾತ್ರ. ಹಾಗಾದರೆ ವೈಬ್ರೇಷನ್ ಬಿಟ್ಟು ಯಾವ ರಿಡಕ್ಟೂ ಇರೋಕೆ ಸಾಧ್ಯವಿಲ್ಲ. ಅದು ಕೋರ್. ಇಲ್ಲೊಂದು ತಮಾಷೆ ಇದೆ. ಒಂಟಿಯಾಗಿ ಅಳೆದಾಗ ಇದೇ ವೈಬ್ರೇಷನ್‌ಗೆ ಸೊನ್ನೆ ಬಂದಿತ್ತು! ಕಾಲಂಗಳನ್ನು ಒಂದೊಂದಾಗಿ ಅಳೆದು, ಮೇಲಿನ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುವವರು ಈ ಟೇಬಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಲಮ್ಮನ್ನೇ ಎಸೆದಿರುತ್ತಿದ್ದರು.

ವೈಬ್ರೇಷನ್ ಬೇರೆ ಮಾಡುವ ಜೋಡಿಗಳನ್ನು ಹೊಡೆದು ಹಾಕಿ. ಉಳಿಯುವುದು ನಾಲ್ಕು. 1 ಮತ್ತು 5ನ್ನು ಬಿಸಿ, ಸದ್ದು, ವಯಸ್ಸು ಮೂರರಲ್ಲಿ ಯಾವುದಾದರೂ ಬೇರೆ ಮಾಡುತ್ತದೆ. 2 ಮತ್ತು 3ನ್ನು ಸದ್ದು ಇಲ್ಲವೇ ವಯಸ್ಸು. 2 ಮತ್ತು 4ನ್ನು ಬಿಸಿ ಇಲ್ಲವೇ ವಯಸ್ಸು. 6 ಮತ್ತು 5ನ್ನೂ ಬಿಸಿ ಇಲ್ಲವೇ ವಯಸ್ಸು. ನಾಲ್ಕರಲ್ಲೂ ವಯಸ್ಸು ಇದೆ ಅಲ್ವಾ? ಹಾಗಾದರೆ ವೈಬ್ರೇಷನ್ ಮತ್ತು ವಯಸ್ಸು, ಎರಡೇ ಕಾಲಂ ಸಾಕು! ವಯಸ್ಸು ಬೇಡ ಅಂದರೆ ಬಿಸಿ, ಸದ್ದು ಎರಡೂ ಬೇಕು. ಒಟ್ಟು ಎರಡು ರಿಡಕ್ಟ್. ಒಂದರಲ್ಲಿ ಮೂರು ಕಾಲಂ, ಇನ್ನೊಂದರಲ್ಲಿ ಎರಡು. ಕ್ವಿಕ್‌ರಿಡಕ್ಟ್ ಮೊದಲ ಹೆಜ್ಜೆಯಲ್ಲೇ ಬಿಸಿಯನ್ನು ಹಿಡಿದದ್ದರಿಂದ ಈ ಚಿಕ್ಕದು ಅದರ ಕಣ್ಣಿಗೆ ಬೀಳಲೇ ಇಲ್ಲ. ಅಷ್ಟೇ ಅಲ್ಲ, ಎರಡನೇ ಹೆಜ್ಜೆಯಲ್ಲಿ ಸದ್ದಿನ ಬದಲು ವೈಬ್ರೇಷನ್, ಆಮೇಲೆ ವಯಸ್ಸು ಹಿಡಿದಿದ್ದರೆ ಬಿಸಿ, ವೈಬ್ರೇಷನ್, ವಯಸ್ಸು ಅಂತ ಮೂರು ಕಾಲಂ ಕೊಡುತ್ತಿತ್ತು. ಅದು ರಿಡಕ್ಟೇ ಅಲ್ಲ, ಅದರಿಂದ ಬಿಸಿಯನ್ನು ತೆಗೆದರೂ ಏನೂ ಕೆಡೋದಿಲ್ಲ. ಇದಕ್ಕೇ ಕ್ವಿಕ್‌ರಿಡಕ್ಟ್ ಮುಗಿದ ಮೇಲೆ ಪ್ರತಿ ಕಾಲಮ್ಮನ್ನೂ ಒಮ್ಮೆ ತೆಗೆದು ನೋಡಿ ಅಂತ ಹೇಳೋದು. ಎರಡು ಸಾಲಿನ ಕೋಡ್, ತುಂಬ ಜನ ಬರೆಯೋದಿಲ್ಲ.

ಈಗ ಸ್ನೇಹಿತರ ಮಾತಿಗೆ ಬರೋಣ. ಚಿಕ್ಕ ರಿಡಕ್ಟ್ ಕೊಡುವ ನಿಯಮ ಏನು ಗೊತ್ತಾ? ಹಳೆ ಮೋಟರ್ ನಡುಗಿದರೆ ಕೆಟ್ಟಿತು, ಸರಿ. ಹೊಸ ಮೋಟರ್ ನಡುಗದಿದ್ದರೆ ಕೆಟ್ಟಿತು! ಹೊಸದು ನಡುಗಿದರೆ ಚೆನ್ನಾಗಿದೆಯಂತೆ. ಮೋಟರ್ ರಿಪೇರಿ ಮಾಡುವವರ ಮುಂದೆ ಇದನ್ನು ಓದಿದರೆ ನಕ್ಕುಬಿಡುತ್ತಾರೆ. ಟೇಬಲ್‌ನಲ್ಲಿ ಹೊಸ ಮೋಟರ್ ಇರೋದೇ ಎರಡು, ಅವೆರಡೂ ಅಕಸ್ಮಾತ್ ಹೀಗೆ ಬಿದ್ದಿವೆ. ಏಳನೇ ಮೋಟರ್ ಒಂದನ್ನು ಸೇರಿಸಿ: ಬಿಸಿ ಕಡಿಮೆ, ಸದ್ದಿಲ್ಲ, ವೈಬ್ರೇಷನ್ ಇಲ್ಲ, ಹೊಸದು, ಚೆನ್ನಾಗಿದೆ. ಇದಕ್ಕಿಂತ ಮಾಮೂಲಿ ಮೋಟರ್ ಇಲ್ಲ. ಅಷ್ಟಕ್ಕೇ ವೈಬ್ರೇಷನ್–ವಯಸ್ಸು ಜೋಡಿ 5/7ಕ್ಕೆ ಕುಸಿಯುತ್ತದೆ. ಮೂರು ಕಾಲಂ ರಿಡಕ್ಟ್ ಹಾಗೇ ನಿಲ್ಲುತ್ತದೆ, 7/7.

ಹಾಗಾಗಿ ನನ್ನ ಸಲಹೆ ಇದು. ರಿಡಕ್ಟ್ ಅನ್ನೋದು ನೀವು ಕೊಟ್ಟ ಟೇಬಲ್ ಬಗ್ಗೆ ಮಾತ್ರ ಮಾತಾಡುತ್ತದೆ, ಲೋಕದ ಬಗ್ಗೆ ಅಲ್ಲ. ರಿಡಕ್ಟ್ ಸಿಕ್ಕಿದ ಮೇಲೆ ಅದರಿಂದ ಹುಟ್ಟುವ ಗುಂಪುಗಳನ್ನು ತೆರೆದು, ಒಂದೊಂದರಲ್ಲಿ ಎಷ್ಟು ಸಾಲು ಇವೆ ಅಂತ ಎಣಿಸಿ. ಬಹಳ ಗುಂಪುಗಳಲ್ಲಿ ಒಂದೊಂದೇ ಸಾಲು ಇದ್ದರೆ ಅದನ್ನು ನಂಬಬೇಡಿ, ಎಷ್ಟೇ ಚಿಕ್ಕದಿರಲಿ. ಡೇಟಾದ ಬೇರೆ ಬೇರೆ ತುಂಡು ತೆಗೆದು ಮತ್ತೆ ಮತ್ತೆ ರಿಡಕ್ಟ್ ಹುಡುಕಿ, ಯಾವುದು ಪದೇ ಪದೇ ಬರುತ್ತದೋ ಅದನ್ನು ಆರಿಸುವ ಪದ್ಧತಿಯೂ ಇದೆ, ಡೈನಾಮಿಕ್ ರಿಡಕ್ಟ್ ಅಂತ. ನನಗೆ ಅದು ಇಷ್ಟ. ಕಾಲಂ ಅಳೆಯುವ ಖರ್ಚೂ ನೋಡಬಹುದು. ಎರಡು ರಿಡಕ್ಟ್ ಸಮವಾಗಿದ್ದು, ಒಂದಕ್ಕೆ ಸುಮ್ನೆ ಕಿವಿಗೊಟ್ಟು ಕೇಳಿದರೆ ಸಾಕು, ಇನ್ನೊಂದಕ್ಕೆ ಮೋಟರ್ ಬಿಚ್ಚಬೇಕು ಅಂತಿದ್ದರೆ ಯಾವುದು ಬೇಕು ಅಂತ ನಾನು ಹೇಳಬೇಕಿಲ್ಲ.

ಪ್ರಶ್ನೆ: ನನಗೆ ಒಂದೇ ಕಾಲಂನಲ್ಲಿ ಡಿಪೆಂಡೆನ್ಸಿ 1 ಬಂತು! ಉಳಿದ 25 ಕಾಲಂ ಬೇಡವೇ ಬೇಡ ಅನ್ನಿಸುತ್ತಿದೆ. ಇಷ್ಟು ಸುಲಭನಾ?

ಉತ್ತರ: ಆ ಕಾಲಂ ಯಾವುದು ಅಂತ ನೀವು ಬರೆದಿಲ್ಲ. ಊಹಿಸಲಾ? ಒಂದೋ ಸೀರಿಯಲ್ ನಂಬರ್, ಇಲ್ಲವೇ ದಶಾಂಶ ಇರುವ ಅಳತೆ.

ಪ್ರತಿ ಸಾಲಿನಲ್ಲೂ ಬೇರೆ ಬೇರೆ ಬೆಲೆ ಇರುವ ಕಾಲಂ ಯಾವುದೇ ಇರಲಿ, ಅದು ಪ್ರತಿ ಸಾಲನ್ನೂ ಒಂಟಿ ಗುಂಪು ಮಾಡುತ್ತದೆ. ಒಂಟಿ ಗುಂಪು ಯಾವಾಗಲೂ ಶುದ್ಧವೇ. ಹಾಗಾಗಿ ಡಿಪೆಂಡೆನ್ಸಿ 1. ರಫ್ ಸೆಟ್‌ಗೆ 61.32 ಮತ್ತು 61.33 ಹತ್ತಿರದ ಸಂಖ್ಯೆಗಳು ಅಂತ ಗೊತ್ತೇ ಇಲ್ಲ. ಅದಕ್ಕೆ ಅವು ಎರಡು ಬೇರೆ ಹೆಸರುಗಳು, ಅಷ್ಟೇ. ಸೀರಿಯಲ್ ನಂಬರ್, ಐಡಿ, ದಾಖಲಾದ ಸಮಯ ಇವನ್ನೆಲ್ಲ ಮೊದಲೇ ತೆಗೆದುಬಿಡಿ. ಅಳತೆಯ ಕಾಲಂಗಳನ್ನು ಕೆಲವೇ ತುಂಡು ಮಾಡಿ. ಇದಕ್ಕೆ ಡಿಸ್ಕ್ರಿಟೈಸೇಷನ್ ಅಂತಾರೆ. ಸಮ ಅಗಲದ ತುಂಡು ಮಾಡಬಹುದು, ಪ್ರತಿ ತುಂಡಿನಲ್ಲಿ ಸಮ ಸಂಖ್ಯೆಯ ಸಾಲು ಬರುವ ಹಾಗೆ ಮಾಡಬಹುದು, ಇಲ್ಲವೇ ಉತ್ತರದ ಕಾಲಮ್ಮನ್ನೂ ನೋಡಿ ಎಲ್ಲಿ ಕತ್ತರಿಸಿದರೆ ಗುಂಪುಗಳು ಶುದ್ಧವಾಗುತ್ತವೆ ಅಂತ ಎಂಟ್ರೊಪಿ (ಕಲಬೆರಕೆ ಎಷ್ಟಿದೆ ಅನ್ನೋ ಅಳತೆ) ಲೆಕ್ಕದಿಂದ ಹುಡುಕಬಹುದು. ಫಯಾದ್ ಮತ್ತು ಇರಾನಿ 1993ರಲ್ಲಿ ಕೊಟ್ಟ ಈ ಮೂರನೇ ದಾರಿ ಈಗಲೂ ಎಲ್ಲೆಡೆ ಚಾಲ್ತಿಯಲ್ಲಿದೆ.

ಆದರೆ ಕತ್ತರಿ ಎಲ್ಲಿಟ್ಟರೂ ಅಂಚಿನಲ್ಲಿ ತಕರಾರು ಇದ್ದೇ ಇರುತ್ತದೆ. 60 ಡಿಗ್ರಿಗೆ ಗೆರೆ ಎಳೆದರೆ 59.9 ಒಂದು ಕಡೆ, 60.1 ಇನ್ನೊಂದು ಕಡೆ. ರಿಡಕ್ಟ್ ಯಾವುದು ಬರುತ್ತದೆ ಅನ್ನೋದು ನಿಮ್ಮ ಗೆರೆಯ ಮೇಲೂ ನಿಂತಿದೆ, ಇದನ್ನು ವರದಿಯಲ್ಲಿ ಬರೆಯೋರು ಕಡಿಮೆ. ಗೆರೆ ಬೇಡವೇ ಬೇಡ ಅನ್ನುವವರಿಗೆ ಫಜ್ಜಿ-ರಫ್ ಸೆಟ್ ಇದೆ. ಡುಬ್ವಾ ಮತ್ತು ಪ್ರಾಡ್ 1990ರಲ್ಲಿ ಎರಡನ್ನೂ ಜೋಡಿಸಿದರು. ಅಲ್ಲಿ ಎರಡು ಸಾಲುಗಳನ್ನು ಒಂದೇ ಅಥವಾ ಬೇರೆ ಅಂತ ಕಡ್ಡಿ ಮುರಿದ ಹಾಗೆ ಹೇಳೋದಿಲ್ಲ, ಎಷ್ಟು ಹೋಲುತ್ತವೆ ಅಂತ ಸೊನ್ನೆಯಿಂದ ಒಂದರ ನಡುವೆ ಅಳೆಯುತ್ತಾರೆ. ನಿಮ್ಮ ಡೇಟಾ ಪೂರ್ತಿ ಸೆನ್ಸರ್‌ನಿಂದ ಬಂದ ಅಂಕಿಗಳಾದರೆ ನೇರವಾಗಿ ಇದಕ್ಕೇ ಹೋಗಿ. ಲೆಕ್ಕ ನಿಧಾನ ಆಗುತ್ತದೆ, ಅದು ಒಪ್ಪಿಕೊಳ್ಳಬೇಕಾದ್ದು.

ಪ್ರಶ್ನೆ: ಎಲ್ಲ ಕಾಲಂ ಒಂದೇ ಇದ್ದು ಉತ್ತರ ಮಾತ್ರ ಬೇರೆ ಇರುವ ಸಾಲುಗಳು ನನ್ನ ಡೇಟಾದಲ್ಲಿವೆ. ಅಳಿಸಿಬಿಡಲಾ?

ಉತ್ತರ: ಬೇಡ ಬೇಡ! ಅವುಗಳಿಗೋಸ್ಕರವೇ ರಫ್ ಸೆಟ್ ಇರೋದು. ಬರೆಯುವಾಗ ಆದ ತಪ್ಪು ಅಂತ ಗೊತ್ತಾದರೆ ತಿದ್ದಿ, ಅದು ಬೇರೆ ಮಾತು.

ನಮ್ಮ ಟೇಬಲ್‌ಗೆ ಎಂಟನೇ ಮೋಟರ್ ಬಂತು ಅನ್ನಿ. ನಾಲ್ಕೂ ಕಾಲಂ 1ನೇ ಮೋಟರ್ ಥರವೇ, ಆದರೆ ಇದು ಚೆನ್ನಾಗಿದೆ. ಈಗ ಖಚಿತವಾಗಿ ಕೆಟ್ಟಿದೆ ಅಂತ ಹೇಳಬಹುದಾದವು 2 ಮತ್ತು 6 ಮಾತ್ರ. ಇದು ಲೋವರ್ ಅಪ್ರಾಕ್ಸಿಮೇಷನ್. ಕೆಟ್ಟಿರಲೂಬಹುದು ಅನ್ನುವವನ್ನೂ ಸೇರಿಸಿದರೆ 1, 2, 6, 8. ಇದು ಅಪ್ಪರ್. ನಡುವೆ ಉಳಿದ 1 ಮತ್ತು 8 ಗಡಿ ಪ್ರದೇಶ. ಇವನ್ನು ಈ ನಾಲ್ಕು ಕಾಲಂಗಳಿಂದ ಯಾರಿಂದಲೂ ಬೇರೆ ಮಾಡೋಕಾಗಲ್ಲ, ಐದನೇ ಕಾಲಂ ಏನಾದರೂ ಬೇಕು. ನಾಲ್ಕೂ ಕಾಲಂ ಇಟ್ಟರೂ ಡಿಪೆಂಡೆನ್ಸಿ ಈಗ 6/8, ಅಂದರೆ 0.75. ಆದ್ದರಿಂದ ರಿಡಕ್ಟ್ ಹುಡುಕುವಾಗ 1 ಮುಟ್ಟಬೇಕು ಅಂತ ಕಾಯಬೇಡಿ, 0.75 ಮುಟ್ಟಿದರೆ ಸಾಕು. ಕೆಲವರ ಕೋಡ್ ಇಲ್ಲೇ ಕೊನೆಯಿಲ್ಲದೆ ಸುತ್ತುತ್ತಾ ಇರುತ್ತದೆ.

ದೊಡ್ಡ ಡೇಟಾದಲ್ಲಿ ಇನ್ನೊಂದು ಕಷ್ಟ. 50 ಸಾಲಿನ ಗುಂಪಿನಲ್ಲಿ 48 ಕೆಟ್ಟಿವೆ, 2 ಚೆನ್ನಾಗಿವೆ ಅಂದರೆ ಪಾವ್ಲಾಕ್ ಅವರ ಮೂಲ ನಿಯಮದಲ್ಲಿ ಆ 50ಕ್ಕೂ ಸೊನ್ನೆ. ಇದು ಅನ್ಯಾಯ ಅನ್ನಿಸುತ್ತದೆ ಅಲ್ವಾ? ಜಿಯಾರ್ಕೊ ಅವರಿಗೂ ಹಾಗೇ ಅನ್ನಿಸಿರಬೇಕು. 1993ರಲ್ಲಿ ಅವರು ವೇರಿಯಬಲ್ ಪ್ರಿಸಿಷನ್ ರಫ್ ಸೆಟ್ ತಂದರು. ಇಷ್ಟು ತಪ್ಪಿಗೆ ಮಾಫಿ ಅಂತ ನೀವೇ ಒಂದು ಮಿತಿ ಇಡಬಹುದು. 5% ಅಂತ ಇಟ್ಟರೆ ಈ ಗುಂಪು ಪಾಸು, ಇಲ್ಲಿ ತಪ್ಪು 4% ಮಾತ್ರ. ಮಿತಿ ಎಷ್ಟಿರಬೇಕು ಅನ್ನೋದನ್ನು ಮಾತ್ರ ಯಾವ ಸೂತ್ರವೂ ಹೇಳೋದಿಲ್ಲ, ಅದು ನಿಮ್ಮ ಕೆಲಸದಲ್ಲಿ ಒಂದು ತಪ್ಪಿನ ಬೆಲೆ ಎಷ್ಟು ಅನ್ನೋದರ ಮೇಲೆ.

ಪ್ರಶ್ನೆ: ಎಲ್ಲ ರಿಡಕ್ಟ್ ಹುಡುಕಿ ಅಂತ ಕೊಟ್ಟೆ, ರಾತ್ರಿಯಿಡೀ ಓಡಿದರೂ ಮುಗಿಯಲಿಲ್ಲ. 60 ಕಾಲಂ ಅಷ್ಟೇ ಇರೋದು.

ಉತ್ತರ: 'ಅಷ್ಟೇ'ನಾ? 20 ಕಾಲಂ ಇದ್ದರೆ ಮಾಡಬಹುದಾದ ಕಾಲಂ ಗುಂಪುಗಳು 10,48,575. 30 ಆದರೆ 107 ಕೋಟಿಗೂ ಮೇಲೆ. ಒಂದೊಂದು ಕಾಲಂ ಜಾಸ್ತಿಯಾದಾಗಲೂ ಎರಡು ಪಟ್ಟು. 60ಕ್ಕೆ ಎಷ್ಟು ಅಂತ ನೀವೇ ನೋಡಿ. ರಿಡಕ್ಟ್‌ಗಳ ಸಂಖ್ಯೆಯೂ ಹಾಗೇ ಬೆಳೆಯಬಹುದು, 20 ಕಾಲಂ ಟೇಬಲ್‌ನಲ್ಲಿ ಗರಿಷ್ಠ 1,84,756 ರಿಡಕ್ಟ್ ಇರೋಕೆ ಸಾಧ್ಯ. ಎಲ್ಲಕ್ಕಿಂತ ಚಿಕ್ಕ ರಿಡಕ್ಟ್ ಹುಡುಕೋದು ಎನ್‌ಪಿ-ಹಾರ್ಡ್ ಅಂತ ಸಾಬೀತಾಗಿದೆ, ಅಂದರೆ ಎಲ್ಲ ಟೇಬಲ್‌ಗೂ ಬೇಗ ಮುಗಿಯುವ ದಾರಿ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಕಂಪ್ಯೂಟರನ್ನು ಬೈದು ಉಪಯೋಗವಿಲ್ಲ.

ಎಲ್ಲ ರಿಡಕ್ಟ್ ಯಾಕೆ ಬೇಕು ನಿಮಗೆ? ನಾಲ್ಕೈದು ಒಳ್ಳೆಯವು ಸಿಕ್ಕರೆ ಸಾಕಲ್ಲ. ಮೊದಲು ಕೋರ್ ಹುಡುಕಿ, ಅದು ಸುಲಭ. ಒಂದೊಂದೇ ಕಾಲಂ ತೆಗೆದು ಡಿಪೆಂಡೆನ್ಸಿ ಇಳಿಯುತ್ತದಾ ನೋಡಿದರೆ ಆಯಿತು, 60 ಸಲದ ಕೆಲಸ. ಕೋರ್‌ನಿಂದ ಶುರು ಮಾಡಿ ಕ್ವಿಕ್‌ರಿಡಕ್ಟ್ ಓಡಿಸಿ. ಎಲ್ಲ ಕಾಲಂಗೂ ಒಂಟಿಯಾಗಿ ಸೊನ್ನೆ ಬಂದರೆ ಕ್ವಿಕ್‌ರಿಡಕ್ಟ್‌ಗೆ ದಿಕ್ಕು ತೋಚದೆ ಮೊದಲು ಕಂಡ ಕಾಲಮ್ಮನ್ನೇ ಹಿಡಿದುಬಿಡುತ್ತದೆ. ಆಗ ಡಿಪೆಂಡೆನ್ಸಿ ಬದಲು ಕಂಡೀಷನಲ್ ಎಂಟ್ರೊಪಿ ಅಳತೆ ಹಾಕಿ. ಕಲಬೆರಕೆ ಗುಂಪಿನಲ್ಲೂ ಎಷ್ಟು ಕಲಬೆರಕೆ ಅಂತ ಅದು ನೋಡುತ್ತದೆ, ಸೊನ್ನೆ ಅಂತ ಸುಮ್ಮನಾಗೋದಿಲ್ಲ. ಅದರಿಂದಲೂ ವ್ಯತ್ಯಾಸ ಕಾಣದಿದ್ದರೆ ಎಲ್ಲ ಕಾಲಂ ಇಟ್ಟುಕೊಂಡು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಜೆನೆಟಿಕ್ ಅಲ್ಗಾರಿದಂ (ಒಳ್ಳೆಯ ಉತ್ತರಗಳನ್ನು ಬೆರೆಸಿ ಇನ್ನೂ ಒಳ್ಳೆಯದನ್ನು ಹುಡುಕುವ ವಿಧಾನ) ಕೂಡ ಜನ ಬಳಸುತ್ತಾರೆ, ಬೇರೆ ಬೇರೆ ರಿಡಕ್ಟ್ ಒಟ್ಟಿಗೆ ಸಿಗುತ್ತವೆ ಅನ್ನೋದು ಅದರ ಲಾಭ. ಟೂಲ್ ಬೇಕಿದ್ದರೆ, ಆರ್ ಭಾಷೆಯಲ್ಲಿ ರಫ್‌ಸೆಟ್ಸ್ ಅಂತಲೇ ಒಂದು ಪ್ಯಾಕೇಜ್ ಇದೆ. ಹಳಬರು ರೊಸೆಟ್ಟಾ ಅನ್ನೋ ಸಾಫ್ಟ್‌ವೇರ್ ಬಳಸುತ್ತಿದ್ದರು.

ಪ್ರಶ್ನೆ: ಕ್ರಾಸ್ ವ್ಯಾಲಿಡೇಷನ್‌ನಲ್ಲಿ 97% ಬಂದದ್ದು ಹೊಸ ಡೇಟಾ ಮೇಲೆ ಧೊಪ್ಪನೆ ಬಿತ್ತು. ರಫ್ ಸೆಟ್ ಸರಿಯಿಲ್ವಾ?

ಉತ್ತರ: ಕ್ರಾಸ್ ವ್ಯಾಲಿಡೇಷನ್ ಅಂದರೆ ಡೇಟಾವನ್ನು ತುಂಡು ಮಾಡಿ, ಪ್ರತಿ ಸುತ್ತಿನಲ್ಲೂ ಒಂದು ತುಂಡನ್ನು ಪರೀಕ್ಷೆಗೆ ಇಟ್ಟು ಉಳಿದದ್ದರಿಂದ ಕಲಿಯೋದು. ರಿಡಕ್ಟ್ ಯಾವ ಡೇಟಾ ಮೇಲೆ ಹುಡುಕಿದಿರಿ? ಪೂರ್ತಿ ಡೇಟಾ ಮೇಲೆ ಹುಡುಕಿ, ಆಮೇಲೆ ತುಂಡು ಮಾಡಿ ಪರೀಕ್ಷೆ ಮಾಡಿದ್ದರೆ, ಪರೀಕ್ಷೆಯ ಸಾಲುಗಳು ಕಾಲಂ ಆರಿಸುವಾಗಲೇ ತಮ್ಮ ಉತ್ತರ ಹೇಳಿಕೊಟ್ಟಿವೆ. ನಮ್ಮ ವೈಬ್ರೇಷನ್–ವಯಸ್ಸು ಜೋಡಿ ನೆನಪಿಸಿಕೊಳ್ಳಿ, ಅಕಸ್ಮಾತ್ತಾಗಿ ಹೊಂದುವ ಕಾಲಂಗಳು ಹೀಗೇ ಒಳಗೆ ನುಗ್ಗೋದು. ಪ್ರತಿ ಸುತ್ತಿನಲ್ಲೂ ಟ್ರೈನಿಂಗ್ ತುಂಡಿನ ಮೇಲೆ ಮಾತ್ರ ಡಿಸ್ಕ್ರಿಟೈಸ್ ಮಾಡಿ, ಅಲ್ಲೇ ರಿಡಕ್ಟ್ ಹುಡುಕಿ, ಅದೇ ಗೆರೆ, ಅದೇ ಕಾಲಂಗಳನ್ನು ಟೆಸ್ಟ್ ತುಂಡಿಗೆ ಹಚ್ಚಿ. ಅಂಕ ಕಡಿಮೆ ಬರುತ್ತದೆ. ನಿಜವಾದ ಅಂಕ ಅದೇ. ಮತ್ತೆ ಸುತ್ತಿನಿಂದ ಸುತ್ತಿಗೆ ರಿಡಕ್ಟ್ ಬದಲಾಗುತ್ತಾ ಹೋದರೆ ಗಾಬರಿಯಾಗಬೇಡಿ, ಅದನ್ನು ಹಾಗೇ ವರದಿಯಲ್ಲಿ ಹಾಕಿ. ಓದುವವರಿಗೆ 97% ಅನ್ನೋದಕ್ಕಿಂತ ಅದೇ ಜಾಸ್ತಿ ಉಪಯೋಗ.

ಪ್ರಶ್ನೆ: ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್) ಮಾಡಿದರೆ ಆಗಲ್ವಾ? ಅದೂ ಕಾಲಂ ಕಡಿಮೆ ಮಾಡುತ್ತದಲ್ಲ.

ಉತ್ತರ: ಮಾಡುತ್ತದೆ, ಆದರೆ ಕಾಲಂ ಆರಿಸೋದಿಲ್ಲ, ಎಲ್ಲವನ್ನೂ ಬೆರೆಸಿ ಹೊಸ ಕಾಲಂ ಮಾಡುತ್ತದೆ. ಉತ್ತರದ ಕಾಲಂ ಕಡೆ ತಿರುಗಿಯೂ ನೋಡೋದಿಲ್ಲ. ನಾಳೆ ಯಾವುದನ್ನು ಅಳೆಯೋದು ಬಿಡಬಹುದು ಅಂತ ಕೇಳಿದರೆ ಪಿಸಿಎ ಹತ್ತಿರ ಉತ್ತರ ಇಲ್ಲ, ಎಲ್ಲವನ್ನೂ ಅಳೆಯಲೇಬೇಕು.

ಪ್ರಶ್ನೆ: ಡೀಪ್ ಲರ್ನಿಂಗ್ ಕಾಲದಲ್ಲಿ ಇದನ್ನೆಲ್ಲ ಕಲಿಯೋದು ದಂಡ ಅಲ್ವಾ?

ಉತ್ತರ: ಫೋಟೋ, ಧ್ವನಿ, ಉದ್ದುದ್ದ ಪಠ್ಯ ನಿಮ್ಮ ಡೇಟಾ ಆಗಿದ್ದರೆ ಹೌದು, ದಂಡ. ಒಂದು ಪಿಕ್ಸೆಲ್ ಇಟ್ಟುಕೊಂಡು ಇನ್ನೊಂದನ್ನು ಬಿಡೋದರಲ್ಲಿ ಅರ್ಥವೇ ಇಲ್ಲ. ಕೆಲವು ನೂರು ಸಾಲು, ಹತ್ತಿಪ್ಪತ್ತು ಕಾಲಂ, ಅದರಲ್ಲೂ ಹೌದು–ಇಲ್ಲ, ಜಾಸ್ತಿ–ಕಡಿಮೆ ಥರದ ಉತ್ತರಗಳು, ಕೊನೆಗೆ ಯಾಕೆ ಹೀಗೆ ಹೇಳಿದೆ ಅಂತ ಒಬ್ಬರಿಗೆ ವಿವರಿಸಲೇಬೇಕಾದ ಕೆಲಸ, ಅಂಥ ಕಡೆ ನಾನು ಈಗಲೂ ರಫ್ ಸೆಟ್ಟನ್ನೇ ಮೊದಲು ಹಾಕುತ್ತೇನೆ. ಸಾವಿರಾರು ಕಾಲಂ, ಬೆರಳೆಣಿಕೆಯ ಸಾಲು ಇರುವ ಜೀನ್ ಡೇಟಾ ಥರದ್ದರಲ್ಲಿ ಒಂಟಿಯಾಗಿ ನಂಬೋದಿಲ್ಲ. ಅಲ್ಲಿ ಅಕಸ್ಮಾತ್ ರಿಡಕ್ಟ್‌ಗಳು ರಾಶಿ ರಾಶಿ ಸಿಗುತ್ತವೆ.

ಪ್ರಶ್ನೆ: ಕೆಲವು ಕಡೆ ಮಾಹಿತಿ ಖಾಲಿ ಇದೆ. ಖಾಲಿ ಅನ್ನೋದನ್ನೇ ಒಂದು ಬೆಲೆ ಅಂತ ಇಟ್ಟರೆ ಆಗುತ್ತದಾ?

ಉತ್ತರ: ಯಾಕೆ ಖಾಲಿ ಇದೆ ಅನ್ನೋದರ ಮೇಲೆ. ಪರೀಕ್ಷೆ ಬೇಡ ಅಂತ ಯಾರೋ ಯೋಚಿಸಿಯೇ ಬಿಟ್ಟಿದ್ದರೆ ಖಾಲಿಯೂ ಒಂದು ಮಾಹಿತಿ, ಹಾಗೇ ಇಡಿ. ಬರೆಯೋಕೆ ಮರೆತಿದ್ದರೆ, ಖಾಲಿ ಜಾಗ ಯಾವ ಬೆಲೆಗೆ ಬೇಕಾದರೂ ಹೊಂದುತ್ತದೆ ಅಂತ ತಿಳಿದು ಗುಂಪು ಮಾಡುವ ಟಾಲರೆನ್ಸ್ ರಿಲೇಷನ್ ಅಂತ ಒಂದಿದೆ, ಅದನ್ನು ಬಳಸಿ. ಆಗ ಒಂದೇ ಸಾಲು ಎರಡು ಗುಂಪಿನಲ್ಲಿ ಕಾಣಿಸಿಕೊಳ್ಳಬಹುದು, ಕೋಡ್ ಬರೆಯುವಾಗ ಅದನ್ನು ನೋಡಿಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ಖಾಲಿ ಇರುವ ಕಾಲಂ ಆದರೆ ರಿಡಕ್ಟ್ ಹುಡುಕುವ ಮೊದಲೇ ಕೈಬಿಡಿ.